‘ಇಲಿಯಲ್ಲಿ ವಾಸಿಯಾಯಿತು’ ಅಂತ ಪೇಪರಿನಲ್ಲಿ ಬಂದರೆ ಎಷ್ಟು ನಂಬಬೇಕು?

ಸೋದರಮಾವ · ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವವನು, ಬರೆಯುವವನಲ್ಲ. ಇವತ್ತು ಕೇಳಲೇಬೇಕು ಅನ್ನಿಸಿತು.

ನನ್ನ ಅಕ್ಕನ ಮಗನಿಗೆ ಏಳು ವರ್ಷ. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಅಂದರೆ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೋಲುತ್ತಾ ಹೋಗುವ ಹುಟ್ಟು ಕಾಯಿಲೆ. ಗೊತ್ತಾಗಿ ಎರಡು ವರ್ಷ ಆಯಿತು. ಅದಕ್ಕೂ ಮುಂಚೆ ಹುಡುಗ ಸ್ವಲ್ಪ ಸೋಮಾರಿ ಅಂದುಕೊಂಡಿದ್ದೆವು. ನೆಲದ ಮೇಲೆ ಕೂತವನು ಏಳಬೇಕಾದರೆ ಮೊದಲು ಮಂಡಿಗೆ ಕೈ ಊರುತ್ತಿದ್ದ, ಆಮೇಲೆ ತೊಡೆಗೆ. ತನ್ನ ಮೈಯನ್ನು ತಾನೇ ಹತ್ತಿಕೊಂಡು ನಿಲ್ಲುವ ಹಾಗೆ. ಮೀನಖಂಡ ಮಾತ್ರ ದಪ್ಪ ಇತ್ತು. ನಮ್ಮಮ್ಮ ‘ಪೈಲ್ವಾನನ ಕಾಲು’ ಅಂತ ದೃಷ್ಟಿ ತೆಗೆಯುತ್ತಿದ್ದರು. ಆ ದಪ್ಪವೇ ಕಾಯಿಲೆಯ ಗುರುತು ಅಂತ ಡಾಕ್ಟರು ಹೇಳಿದ ದಿನ ಅಮ್ಮ ಊಟ ಮಾಡಲಿಲ್ಲ.

ವಿಷಯಕ್ಕೆ ಬರುತ್ತೇನೆ. ಅಕ್ಕ ಪೇಪರಿನ ತುಣುಕುಗಳನ್ನು ಫೋನಿನಲ್ಲಿ ಫೋಲ್ಡರ್ ಮಾಡಿ ಇಟ್ಟಿದ್ದಾಳೆ. ‘ಇಲಿಗಳಲ್ಲಿ ಸ್ನಾಯು ರೋಗ ಸಂಪೂರ್ಣ ವಾಸಿ’ ಎಂಬಂಥವು ಹದಿನಾಲ್ಕು ಇವೆ. ಒಂದರಲ್ಲಿ ಮೀನು, ಒಂದರಲ್ಲಿ ನೊಣ. ಪ್ರತಿ ಸಲ ನನಗೆ ಕಳಿಸಿ ‘ನೋಡು ಪುಟ್ಟಣ್ಣಾ’ ಅನ್ನುತ್ತಾಳೆ. ನಾನು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತೇನೆ.

ಎರಡು ಪ್ರಶ್ನೆ. ನೊಣಕ್ಕೂ ನಮ್ಮ ಹುಡುಗನಿಗೂ ಏನು ಸಂಬಂಧ? ಇಲಿಯಲ್ಲಿ ಹದಿನಾಲ್ಕು ಸಲ ವಾಸಿಯಾದದ್ದು ಮಗುವಿನಲ್ಲಿ ಒಂದು ಸಲವೂ ಯಾಕೆ ವಾಸಿಯಾಗಿಲ್ಲ?

ಅನುಮಾನಪ್ಪ · ಭಾನುವಾರ, ರಾತ್ರಿ 10:05

ಉತ್ತರ ಸುಲಭ. ಇಲಿ ಮನುಷ್ಯ ಅಲ್ಲ.

2006ರಲ್ಲಿ ಲಂಡನ್ನಿನಲ್ಲಿ ಟಿಜಿಎನ್ 1412 ಅಂತ ಒಂದು ಔಷಧಿಯನ್ನು ಆರು ಜನ ಆರೋಗ್ಯವಂತರಿಗೆ ಕೊಟ್ಟರು. ಕೋತಿಗಳಿಗೆ ಏನೂ ಆಗಿರಲಿಲ್ಲ. ಅವುಗಳಿಗೆ ಕೊಟ್ಟ ಸುರಕ್ಷಿತ ಪ್ರಮಾಣದ ಐನೂರರಲ್ಲಿ ಒಂದು ಪಾಲು ಅಷ್ಟೇ ಕೊಟ್ಟದ್ದು. ಆರೂ ಜನ ಐಸಿಯು ಸೇರಿದರು. ಥಾಲಿಡೊಮೈಡ್ ಕಥೆ ಬೇರೆ ಹೇಳಬೇಕಾ? ಇಲಿಮರಿಗಳಿಗೆ ಏನೂ ಆಗದ ಮಾತ್ರೆ, ಗರ್ಭಿಣಿಯರು ನುಂಗಿದಾಗ ಹೊಟ್ಟೆಯಲ್ಲಿದ್ದ ಸಾವಿರಾರು ಮಕ್ಕಳ ಕೈಕಾಲು ತಿಂದಿತು.

ಅಣ್ಣಾ, ನಿಮ್ಮ ಅಕ್ಕನಿಗೆ ಆ ಫೋಲ್ಡರ್ ಡಿಲೀಟ್ ಮಾಡಲು ಹೇಳಿ. ಬೇಜಾರು ಮಾಡಿಕೊಳ್ಳಬೇಡಿ.

ನೊಣದ_ಬಾಟಲಿ · ಭಾನುವಾರ, ರಾತ್ರಿ 11:20

ಸೋದರಮಾವ ಅವರೇ, ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ನೊಣಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಅನುಮಾನಪ್ಪನವರು ಹೇಳಿದ ಎರಡೂ ಘಟನೆ ನಿಜ. ಆದರೆ ಫೋಲ್ಡರ್ ಡಿಲೀಟ್ ಮಾಡುವ ಮುಂಚೆ ನಿಮ್ಮ ಮೊದಲ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ.

ಡುಶೆನ್ ಗಂಡುಮಕ್ಕಳಿಗೇ ಯಾಕೆ ಬರುತ್ತದೆ, ಯಾವ ತೊಂದರೆಯೂ ಇಲ್ಲದ ತಾಯಿಯಿಂದ ಮಗನಿಗೆ ಹೇಗೆ ಹೋಗುತ್ತದೆ ಅಂತ ಡಾಕ್ಟರು ಒಂದು ಚಿತ್ರ ಬರೆದು ತೋರಿಸಿರುತ್ತಾರೆ, ಅಲ್ವಾ? ಎಕ್ಸ್ ಎಕ್ಸ್, ಎಕ್ಸ್ ವೈ ಅಂತ. ಆ ಚಿತ್ರದ ಬೇರು ನೊಣದಲ್ಲಿದೆ.

ಬಾಳೆಹಣ್ಣು ಕೊಳೆತರೆ ಮುತ್ತುವ ಸಣ್ಣ ನೊಣ ಗೊತ್ತಲ್ಲ, ಅದೇ ಡ್ರೊಸೊಫಿಲ. ಅದರ ಕಣ್ಣು ಕೆಂಪು. 1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಅವರ ಬಾಟಲಿಯಲ್ಲಿ ಬಿಳಿ ಕಣ್ಣಿನ ಒಂದೇ ಒಂದು ಗಂಡು ಸಿಕ್ಕಿತು. ಅದನ್ನು ಕೆಂಪು ಕಣ್ಣಿನ ಹೆಣ್ಣುಗಳ ಜೊತೆ ಬಿಟ್ಟರು. ಮಕ್ಕಳೆಲ್ಲ ಹೆಚ್ಚುಕಮ್ಮಿ ಕೆಂಪು. ಆ ಮಕ್ಕಳನ್ನು ತಮ್ಮತಮ್ಮಲ್ಲೇ ಕೂಡಿಸಿದಾಗ ಮೊಮ್ಮಕ್ಕಳಲ್ಲಿ ಬಿಳಿ ಕಣ್ಣು ವಾಪಸ್ ಬಂತು. ಬಂದದ್ದು ಗಂಡುಗಳಲ್ಲಿ ಮಾತ್ರ. ಮಾರ್ಗನ್ ಎಣಿಸಿದ ಹೆಣ್ಣುಗಳು 2,459. ಒಂದಕ್ಕೂ ಬಿಳಿ ಕಣ್ಣಿಲ್ಲ.

ತಾತನ ಗುಣ, ನಡುವಿನ ಹೆಣ್ಣಿನಲ್ಲಿ ಕಾಣದೆ, ಮೊಮ್ಮಗನಲ್ಲಿ. ಎಕ್ಸ್ ಅಂದರೆ ಜೀನ್‌ಗಳನ್ನು ಹೊತ್ತ ಒಂದು ಕ್ರೋಮೋಸೋಮ್. ಹೆಣ್ಣಿಗೆ ಅದು ಎರಡು ಇರುತ್ತದೆ. ಒಂದು ಕೆಟ್ಟರೆ ಇನ್ನೊಂದು ಕೆಲಸ ನೋಡಿಕೊಳ್ಳುತ್ತದೆ. ಗಂಡಿಗೆ ಇರುವುದು ಒಂದೇ. ಡುಶೆನ್ ಜೀನ್ ಕೂತಿರುವುದೂ ಎಕ್ಸ್ ಮೇಲೆ. ನಿಮ್ಮ ಮನೆಯ ಚಿತ್ರವೂ ಬಿಳಿ ಕಣ್ಣಿನ ಚಿತ್ರವೂ ಒಂದೇ.

ಇನ್ನೊಂದು. ಡುಶೆನ್‌ನಲ್ಲಿ ಕೆಟ್ಟಿರುವುದು ಡಿಸ್ಟ್ರೋಫಿನ್ ಜೀನ್. ಸ್ನಾಯು ಹರಿಯದ ಹಾಗೆ ಕಾಯುವ ಪ್ರೋಟೀನಿನದು ಅದು. ನೊಣಕ್ಕೂ ಆ ಜೀನ್ ಇದೆ. ಅದನ್ನು ಕೆಡಿಸಿದ ನೊಣಗಳ ಸ್ನಾಯು ವಯಸ್ಸಾದ ಹಾಗೆ ಹಾಳಾಗುತ್ತದೆ. ನಾವು ಅಳೆಯುವ ರೀತಿ ಕೇಳಿದರೆ ನಗುತ್ತೀರಿ. ಉದ್ದ ಗಾಜಿನ ನಳಿಕೆಯಲ್ಲಿ ನೊಣ ಹಾಕಿ, ಮೇಜಿಗೆ ಟಕ್ ಅಂತ ಕುಟ್ಟುತ್ತೇವೆ. ಎಲ್ಲವೂ ತಳಕ್ಕೆ ಬೀಳುತ್ತವೆ. ನೊಣಕ್ಕೆ ಬಿದ್ದ ಕೂಡಲೇ ಮೇಲೆ ಹತ್ತುವ ಚಾಳಿ. ಚೆನ್ನಾಗಿರುವವು ಸರಸರ ಹತ್ತುತ್ತವೆ. ಸ್ನಾಯು ಕೆಟ್ಟವು ಅರ್ಧ ಹತ್ತಿ ಜಾರುತ್ತವೆ. ಸ್ಟಾಪ್‌ವಾಚ್ ಹಿಡಿದು ಗೆರೆ ದಾಟಿದವನ್ನು ಎಣಿಸುತ್ತೇವೆ. ನಿಮ್ಮ ಹುಡುಗನನ್ನು ಡಾಕ್ಟರು ‘ನೆಲದಿಂದ ಏಳು ನೋಡೋಣ’ ಅಂತ ವಾಚ್ ನೋಡುತ್ತಾರಲ್ಲ, ಹೆಚ್ಚುಕಮ್ಮಿ ಅದೇ ಪರೀಕ್ಷೆ.

ಹೈಸ್ಕೂಲ್_ಮೇಷ್ಟ್ರು · ಸೋಮವಾರ, ಬೆಳಿಗ್ಗೆ 6:15

ಬಹಳ ಚೆನ್ನಾಗಿ ಹೇಳಿದಿರಿ. ಇಪ್ಪತ್ತು ವರ್ಷ ಒಂಬತ್ತು, ಹತ್ತನೇ ಕ್ಲಾಸಿಗೆ ವಿಜ್ಞಾನ ಮಾಡಿದ್ದೇನೆ. ಮೆಂಡೆಲ್ ಬಟಾಣಿ ಬಿಟ್ಟು ಮುಂದೆ ಹೋಗಿಲ್ಲ. ಆದರೆ ನೊಣವೇ ಯಾಕೆ? ಇರುವೆ, ಜಿರಳೆ ಏನು ಪಾಪ ಮಾಡಿದ್ದವು?

ನೊಣದ_ಬಾಟಲಿ · ಸೋಮವಾರ, ಬೆಳಿಗ್ಗೆ 8:50

ಮೇಷ್ಟ್ರೇ, ಅಗ್ಗ ಮತ್ತು ಬೇಗ. 25 ಡಿಗ್ರಿಯಲ್ಲಿ ಮೊಟ್ಟೆಯಿಂದ ನೊಣ ಆಗಲು ಹತ್ತು ದಿನ ಸಾಕು. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಕ್ರೋಮೋಸೋಮ್ ನಾಲ್ಕೇ ಜೊತೆ. ಮನುಷ್ಯರಲ್ಲಿ ನಾಲ್ಕು ತಲೆಮಾರು ನೋಡಲು ನೂರು ವರ್ಷ ಬೇಕು, ನನಗೆ ನಲವತ್ತು ದಿನ.

ಊಟದ ಖರ್ಚೂ ಕಮ್ಮಿ. ನಾನು ಎಂಎಸ್ಸಿ ಮಾಡಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. ಅಲ್ಲಿ ನೊಣಕ್ಕೆ ರವೆ, ಬೆಲ್ಲ, ಅಗರ್ ಹಾಕಿ ಕುದಿಸುತ್ತಾರೆ. ಒಂದು ಲೀಟರ್ ನೀರಿಗೆ ನೂರು ಗ್ರಾಂ ರವೆ, ನೂರು ಗ್ರಾಂ ಬೆಲ್ಲ. ಬೂಸು ಹಿಡಿಯದ ಹಾಗೆ ಕೊನೆಗೆ ಸ್ವಲ್ಪ ಪ್ರೊಪಿಯಾನಿಕ್ ಆ್ಯಸಿಡ್. ಅದನ್ನು ಹಾಕುವ ತನಕ ಇಡೀ ಕಾರಿಡಾರ್ ಮದುವೆಮನೆ ವಾಸನೆ. ಹಾಕಿದ ಮೇಲೆ ಯಾರೂ ಹತ್ತಿರ ಬರುವುದಿಲ್ಲ.

ಒಂದೇ ಕಷ್ಟ. ಕ್ರಾಸ್ ಮಾಡಲು ಇನ್ನೂ ಗಂಡಿನ ಜೊತೆ ಸೇರದ ಹೆಣ್ಣು ಬೇಕು. ಕೋಶದಿಂದ ಹೊರಬಂದ ಎಂಟು ಗಂಟೆಯೊಳಗೆ ಬೇರೆ ಮಾಡಬೇಕು. ಅದಕ್ಕೇ ನಮಗೆ ಭಾನುವಾರ ಇಲ್ಲ.

ಶಿಡ್ಲಘಟ್ಟದ_ಹುಳುಮನೆ · ಸೋಮವಾರ, ಮಧ್ಯಾಹ್ನ 2:30

ನಾವು ರೇಷ್ಮೆ ಬೆಳೆಯುವವರು. ನಿಮ್ಮ ಮಾತು ಓದಿ ನಗು ಬಂತು ತಂಗಿ. ಹುಳ ಸಾಕುವವರಿಗೂ ಭಾನುವಾರ ಇಲ್ಲ.

ನಮ್ಮದು ಮಿಶ್ರತಳಿ. ಮೈಸೂರು ತಳಿ ಹೆಣ್ಣು, ಬೈವೋಲ್ಟೀನ್ ಗಂಡು. ತಾಯಿಯ ಗೂಡು ಹಳದಿ, ತಂದೆಯ ಗೂಡು ಬಿಳಿ. ಬೆಳೆ ಬಂದಾಗ, ಹುಳ ಗೂಡು ಕಟ್ಟುವ ಚಂದ್ರಿಕೆ ತುಂಬ ಹಳದಿ. ಬಿಳಿ ಎಲ್ಲಿ ಹೋಯಿತು ಅಂತ ಚಿಕ್ಕವನಿದ್ದಾಗ ಅಪ್ಪನನ್ನು ಕೇಳಿದ್ದೆ. ‘ಒಳಗೆ ಅವಿತುಕೊಂಡಿದೆ’ ಅಂದರು. ಒಂದು ಸಲ ದುಡ್ಡು ಉಳಿಸೋಣ ಅಂತ ನಮ್ಮ ಬೆಳೆಯ ಗೂಡಿನಿಂದಲೇ ಮೊಟ್ಟೆ ಇಡಿಸಿದರು. ಮುಂದಿನ ಬೆಳೆಯಲ್ಲಿ ಬಿಳಿ ಬಂತು, ಹಳದಿ ಬಂತು, ನಡುವಿನ ಬಣ್ಣವೂ ಬಂತು. ಹುಳ ಒಂದು ಹಣ್ಣಾದರೆ ಇನ್ನೊಂದು ಇನ್ನೂ ಸೊಪ್ಪು ಮೇಯುತ್ತಿತ್ತು. ಮಾರ್ಕೆಟ್ಟಿನಲ್ಲಿ ಗೂಡು ಕೊಂಡು ನೂಲು ತೆಗೆಯುವ ರೀಲರ್ ಕೈಹಾಕಿ ನೋಡಿ ಮುಂದೆ ಹೋದ. ಆವತ್ತಿನಿಂದ ಪ್ರತಿ ಬೆಳೆಗೂ ಹೊಸ ಮೊಟ್ಟೆಯೇ ತರುವುದು.

ಇದೂ ಅದೇ ಲೆಕ್ಕ ತಾನೇ?

ನೊಣದ_ಬಾಟಲಿ · ಸೋಮವಾರ, ಮಧ್ಯಾಹ್ನ 3:10

ಅಣ್ಣಾ, ಅದೇ ಲೆಕ್ಕ! 1906ರಲ್ಲೇ ಟೊಯಾಮಾ ಅಂತ ಒಬ್ಬ ಜಪಾನಿ ವಿಜ್ಞಾನಿ ಇದನ್ನೇ ಬರೆದು ಪ್ರಕಟಿಸಿದರು. ಸಯಾಂ (ಈಗಿನ ಥಾಯ್ಲೆಂಡ್) ದೇಶದ ಹಳದಿ ಗೂಡಿನ ಹುಳಕ್ಕೂ ಜಪಾನಿನ ಬಿಳಿ ಗೂಡಿನ ಹುಳಕ್ಕೂ ಕ್ರಾಸ್ ಮಾಡಿ, ಅವಿತ ಗುಣ ಮೊಮ್ಮಕ್ಕಳಲ್ಲಿ ವಾಪಸ್ ಬರುವ ಮೆಂಡೆಲ್ ಬಟಾಣಿಯ ನಿಯಮ ಪ್ರಾಣಿಗಳಿಗೂ ಸರಿಹೋಗುತ್ತದೆ ಅಂತ ತೋರಿಸಿದರು. ಮಾರ್ಗನ್ ಅವರ ಬಿಳಿ ಕಣ್ಣಿಗಿಂತ ನಾಲ್ಕು ವರ್ಷ ಮೊದಲು. ನಿಮ್ಮ ತಂದೆ ‘ಅವಿತುಕೊಂಡಿದೆ’ ಅಂದರಲ್ಲ, ನನ್ನ ಗೈಡ್ ಇಷ್ಟು ಚಿಕ್ಕದಾಗಿ ಹೇಳುವುದಿಲ್ಲ.

ಅನುಮಾನಪ್ಪ · ಸೋಮವಾರ, ಸಂಜೆ 6:00

ಕಥೆಗಳೆಲ್ಲ ಚೆಂದ. ಬಣ್ಣ, ಕಣ್ಣು, ಗೂಡು ಸರಿ. ನಾನು ಕೇಳುವುದು ಔಷಧಿ. ನೊಣದಿಂದ ಶುರುವಾಗಿ ಮನುಷ್ಯನ ಕೈಗೆ ಬಂದ ಒಂದೇ ಒಂದು ಮಾತ್ರೆ ಹೇಳಿ ನೋಡೋಣ.

ನಿವೃತ್ತ_ಪಶುವೈದ್ಯ · ಸೋಮವಾರ, ರಾತ್ರಿ 8:45

ನಾನು ಹೇಳುತ್ತೇನೆ. ಇದರಲ್ಲಿ ಕುರಿಯೂ ಇರುವುದರಿಂದ ನಮ್ಮ ಇಲಾಖೆಗೇ ಬರುತ್ತದೆ.

1980ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ನ್ಯೂಸ್ಲೈನ್-ಫೋಲ್‌ಹಾರ್ಡ್ ಮತ್ತು ವೀಶಾಸ್ ನೊಣದ ಜೀನ್‌ಗಳನ್ನು ಕೆಡಿಸಿ, ಮರಿಹುಳದ ಆಕಾರ ಹೇಗೆ ಕೆಡುತ್ತದೆ ಅಂತ ಸಾಲಾಗಿ ನೋಡುತ್ತಿದ್ದರು. ಒಂದು ಮರಿಹುಳ ಮೋಟಾಗಿ, ಮೈತುಂಬ ಮುಳ್ಳುಮುಳ್ಳಾಗಿ ಬಂತು. ಆ ಜೀನಿಗೆ ‘ಹೆಡ್ಜ್‌ಹಾಗ್’ ಅಂತ ಹೆಸರಿಟ್ಟರು. ನಮ್ಮ ಕಡೆಯವರಾಗಿದ್ದರೆ ಮುಳ್ಳುಹಂದಿ ಅನ್ನುತ್ತಿದ್ದರೇನೋ. 1995ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದೇ ಜೀನಿನ ನೆಂಟರು ಮೀನು, ಕೋಳಿ, ಇಲಿ, ಮನುಷ್ಯ ಎಲ್ಲರಲ್ಲೂ ಸಿಕ್ಕಿದರು. ಹೊಟ್ಟೆಯಲ್ಲಿ ಮಗು ಬೆಳೆಯುವಾಗ ಕೈಬೆರಳು, ಮುಖದ ಎಡಬಲ ಭಾಗ ಸರಿಯಾಗಿ ಬರಲು ಅದು ಬೇಕು.

ಈಗ ಕುರಿ. ಅಮೆರಿಕದ ಐಡಹೋದಲ್ಲಿ 1950ರ ದಶಕದಲ್ಲಿ ಕುರಿಗಳು ಒಂದೇ ಕಣ್ಣಿನ ಮರಿ ಹಾಕುತ್ತಿದ್ದವು, ಹಣೆಯ ನಡುವೆ. ಕುರಿಗಾಹಿಗಳ ಜೊತೆ ಬೇಸಿಗೆ ಕಳೆದು ನೋಡಿದಾಗ, ಗಬ್ಬದ ಕುರಿ ಗುಡ್ಡದ ಒಂದು ಕಾಡುಗಿಡ ಮೇದರೆ ಹಾಗಾಗುತ್ತದೆ ಅಂತ ಗೊತ್ತಾಯಿತು. ಗಿಡದಿಂದ ತೆಗೆದ ವಿಷಕ್ಕೆ ಒಕ್ಕಣ್ಣನ ಹೆಸರೇ ಇಟ್ಟರು, ಸೈಕ್ಲೋಪಮೀನ್. ಅದು ಏನು ಮಾಡುತ್ತದೆ ಅಂತ ನಲವತ್ತು ವರ್ಷ ಯಾರಿಗೂ ತಿಳಿಯಲಿಲ್ಲ. 1990ರ ದಶಕದ ಕೊನೆಗೆ ಗೊತ್ತಾಯಿತು. ಹೆಡ್ಜ್‌ಹಾಗ್ ಜೀನಿನಿಂದ ಜೀವಕೋಶಗಳಿಗೆ ಹೋಗುವ ‘ಬೆಳೆಯಿರಿ’ ಎಂಬ ಸಂದೇಶವನ್ನು ಅದು ತಡೆಯುತ್ತದೆ.

ದೊಡ್ಡವರಲ್ಲಿ ಈ ಸಂದೇಶ ಹದ್ದುಮೀರಿದರೆ ಒಂದು ಬಗೆಯ ಚರ್ಮದ ಕ್ಯಾನ್ಸರ್ ಬರುತ್ತದೆ. ಹಾಗಾದರೆ ತಡೆಯುವ ಮಾತ್ರೆ ಮಾಡೋಣ ಅಂತ ಹೊರಟರು. ವಿಸ್ಮೊಡೆಜಿಬ್. 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಗರ್ಭಿಣಿಯರು ಅದನ್ನು ಮುಟ್ಟಬಾರದು. ಯಾಕೆ ಅಂತ ಕುರಿ ಹೇಳಿದೆ.

ನೊಣದಿಂದ ಮಾತ್ರೆಗೆ 32 ವರ್ಷ. ಅನುಮಾನಪ್ಪನವರೇ, ಒಂದು ಕೇಳಿದಿರಿ, ಕೊಟ್ಟೆ.

ಅನುಮಾನಪ್ಪ · ಸೋಮವಾರ, ರಾತ್ರಿ 9:02

ಒಪ್ಪಿದೆ ಡಾಕ್ಟ್ರೇ. 32 ವರ್ಷ ಅಂದಿರಿ. ಹುಡುಗನಿಗೆ ಏಳು.

ನಿವೃತ್ತ_ಪಶುವೈದ್ಯ · ಸೋಮವಾರ, ರಾತ್ರಿ 9:30

ಅದು ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಎರಡನೇ ಪ್ರಶ್ನೆಗೆ ಮಾತ್ರ ನನಗೆ ತಿಳಿದದ್ದು ಹೇಳುತ್ತೇನೆ.

ಪೇಪರಿನವರು ಬರೆಯುವ ಡುಶೆನ್ ಇಲಿಯ ಹೆಸರು ಎಂಡಿಎಕ್ಸ್. ಚಿಟ್ಟಿಲಿ ಜಾತಿಯದು. (ಫೋಟೋ ಮಾತ್ರ ಯಾವಾಗಲೂ ದೊಡ್ಡ ಇಲಿಯದು ಹಾಕುತ್ತಾರೆ.) 1984ರಲ್ಲಿ ಒಂದು ಇಲಿ ಕಾಲೊನಿಯಲ್ಲಿ ಆಕಸ್ಮಿಕವಾಗಿ ಸಿಕ್ಕಿದ್ದು. ಯಾರೂ ಮಾಡಿದ್ದಲ್ಲ. ಡಿಸ್ಟ್ರೋಫಿನ್ ಪೂರ್ತಿ ಇಲ್ಲ. ನಿಮ್ಮ ಹುಡುಗನ ಹಾಗೆಯೇ.

ಆದರೆ ಆ ಇಲಿ ಪಂಜರದಲ್ಲಿ ಓಡಾಡಿಕೊಂಡು, ಮರಿ ಹಾಕಿಕೊಂಡು, ಎರಡು ವರ್ಷದ ಹತ್ತಿರ ಬದುಕುತ್ತದೆ. ಮಾಮೂಲಿ ಇಲಿಯೇ ಅದಕ್ಕಿಂತ ಬಹಳ ಜಾಸ್ತಿ ಬದುಕುವುದಿಲ್ಲ. ಹರಿದ ಸ್ನಾಯುವನ್ನು ಇಲಿ ಮತ್ತೆ ಮತ್ತೆ ಹೊಲಿದುಕೊಳ್ಳುತ್ತದೆ. ಡಿಸ್ಟ್ರೋಫಿನ್‌ನ ಅಣ್ಣತಮ್ಮನಂಥ ಯುಟ್ರೋಫಿನ್ ಅಂತ ಒಂದು ಪ್ರೋಟೀನ್ ಬಂದು ಹೆಗಲು ಕೊಡುತ್ತದೆ. ಅದನ್ನೂ ತೆಗೆದುಹಾಕಿದ ಇಲಿ ಮಾಡಿದರು, ಅದು ಕೆಲವೇ ತಿಂಗಳಲ್ಲಿ ಸಾಯುತ್ತದೆ.

ಅಂದರೆ ಎಂಡಿಎಕ್ಸ್ ಇಲಿಗೆ ಮೊದಲೇ ಕಾಯಿಲೆ ಸೌಮ್ಯ. ಸ್ವಲ್ಪ ತಳ್ಳಿದರೆ ‘ವಾಸಿ’. ತೂಕ ಬೇರೆ ನೋಡಿ. ಇಲಿ 25 ಗ್ರಾಂ, ನಿಮ್ಮ ಹುಡುಗ 20 ಕೆಜಿ ಇದ್ದರೆ ಅದರ ಎಂಟುನೂರು ಪಟ್ಟು.

ಈ ಯುಟ್ರೋಫಿನ್ ಉಪಾಯವನ್ನೇ ಹಿಡಿದು ಎಜುಟ್ರೋಮಿಡ್ ಅಂತ ಮಾತ್ರೆ ಮಾಡಿದರು. ಇಲಿಯಲ್ಲಿ ಚೆನ್ನಾಗಿ ಕೆಲಸ ಮಾಡಿತು. 2018ರಲ್ಲಿ ಹುಡುಗರ ಮೇಲಿನ ಪರೀಕ್ಷೆಯಲ್ಲಿ ಫಲ ಕೊಡಲಿಲ್ಲ, ನಿಲ್ಲಿಸಿದರು. ನಿಮ್ಮ ಅಕ್ಕನ ಫೋಲ್ಡರಿನಲ್ಲಿ ಇಂಥವೂ ಇರಬಹುದು. ವಾಸಿಯಾದ ಸುದ್ದಿ ಬರುತ್ತದೆ, ನಿಲ್ಲಿಸಿದ ಸುದ್ದಿ ಬರುವುದಿಲ್ಲ.

ಸೋದರಮಾವ · ಸೋಮವಾರ, ರಾತ್ರಿ 10:15

ಡಾಕ್ಟ್ರೇ, ಕೊನೆಯ ಸಾಲು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಆದರೆ ಒಳ್ಳೆಯದೇ ಆಯಿತು. ಎರಡು ವರ್ಷದಲ್ಲಿ ಯಾರೂ ನನಗೆ ಇಷ್ಟು ಬಿಡಿಸಿ ಹೇಳಿರಲಿಲ್ಲ. ಒಂದು ದೊಡ್ಡ ಆಸ್ಪತ್ರೆಯಲ್ಲಿ ಮೂರು ಗಂಟೆ ಕಾದು ನಾಲ್ಕು ನಿಮಿಷ ಮಾತಾಡಿಸಿದ್ದರು.

ಹುಡುಗನ ರಿಪೋರ್ಟಿನಲ್ಲಿ ‘ಎಕ್ಸಾನ್ 48ರಿಂದ 50 ಡಿಲೀಶನ್’ ಅಂತ ಇದೆ. ಇದಕ್ಕೂ ಇಲಿಗೂ ಏನಾದರೂ ಸಂಬಂಧ ಇದೆಯಾ?

ಮಕ್ಕಳ_ಡಾಕ್ಟ್ರು · ಸೋಮವಾರ, ರಾತ್ರಿ 11:30

ಇದೆ. ರಾತ್ರಿ ಡ್ಯೂಟಿಯಲ್ಲಿದ್ದೇನೆ, ವಾರ್ಡ್ ಸದ್ಯ ತಣ್ಣಗಿದೆ.

ಜೀನ್ ಅಂದರೆ ಮೂರು ಮೂರು ಅಕ್ಷರದ ಪದಗಳಲ್ಲಿ ಬರೆದ ವಾಕ್ಯ ಅಂದುಕೊಳ್ಳಿ.

ರವಿಯ ಮಗನು ಮನೆಗೆ ನಡೆದ

ಈಗ ‘ವಿ’ ಒಂದು ಬಿದ್ದುಹೋಯಿತು. ಆದರೆ ಓದುವ ಯಂತ್ರಕ್ಕೆ ಮೂರು ಮೂರೇ ಓದಲು ಬರುವುದು.

ರಯಮ ಗನುಮ ನೆಗೆನ ಡೆದ

ಅರ್ಥವಿಲ್ಲ. ಡುಶೆನ್ ಹೀಗೆ. ಬಿದ್ದುಹೋದ ತುಂಡಿನಿಂದ ಮುಂದಿನದೆಲ್ಲ ಕಲಸಿಹೋಗುತ್ತದೆ. ಈಗ ಉಳಿದ ‘ರ’, ‘ಯ’ ಎರಡನ್ನೂ ನಾವೇ ಮುಚ್ಚಿಬಿಟ್ಟರೆ?

ಮಗನು ಮನೆಗೆ ನಡೆದ

ಯಾರ ಮಗ ಗೊತ್ತಿಲ್ಲ, ಆದರೆ ಮನೆ ಸೇರಿದ. ಡಿಸ್ಟ್ರೋಫಿನ್ ಜೀನಿನಲ್ಲಿ ಇಂಥ ತುಂಡುಗಳು, ಅಂದರೆ ಎಕ್ಸಾನ್‌ಗಳು, 79 ಇವೆ. 48ರಿಂದ 50 ಇಲ್ಲದಿದ್ದರೆ ಮುಂದಿನದು ಕಲಸುತ್ತದೆ. 51ನ್ನೂ ಮುಚ್ಚಿದರೆ ಲೆಕ್ಕ ಸರಿಹೋಗಿ, ಸ್ವಲ್ಪ ಗಿಡ್ಡದಾದರೂ ಅರ್ಥವಿರುವ ಪ್ರೋಟೀನ್ ಬರುತ್ತದೆ. ಹುಟ್ಟಿನಿಂದಲೇ ಹೀಗೆ ಗಿಡ್ಡ ಡಿಸ್ಟ್ರೋಫಿನ್ ಇರುವವರೂ ಇದ್ದಾರೆ. ಅವರದು ಬೆಕರ್ ಅಂತ, ಡುಶೆನ್‌ಗಿಂತ ಸೌಮ್ಯ.

ಈ ಮುಚ್ಚುವ ಉಪಾಯಕ್ಕೆ ಎಕ್ಸಾನ್ ಸ್ಕಿಪ್ಪಿಂಗ್ ಅನ್ನುತ್ತಾರೆ. ಎಂಡಿಎಕ್ಸ್ ಇಲಿಯ ತಪ್ಪು 23ನೇ ಎಕ್ಸಾನಿನಲ್ಲಿದೆ. ಅದನ್ನು ಮುಚ್ಚಿದರೆ ಇಲಿಯ ಸ್ನಾಯುವಿನಲ್ಲಿ ಡಿಸ್ಟ್ರೋಫಿನ್ ವಾಪಸ್ ಬರುತ್ತದೆ ಅಂತ ಮೊದಲು ತೋರಿಸಿದ ಮೇಲೆಯೇ ಮನುಷ್ಯರ 51ಕ್ಕೆ ಕೈಹಾಕಿದ್ದು. 2016ರಲ್ಲಿ ಅಮೆರಿಕದಲ್ಲಿ, 51 ಮುಚ್ಚುವ ಔಷಧಿ ಎಟೆಪ್ಲಿರ್ಸೆನ್‌ಗೆ ಒಪ್ಪಿಗೆ ಸಿಕ್ಕಿತು. 51 ಮುಚ್ಚಿದರೆ ಪ್ರಯೋಜನ ಆಗುವ ಹುಡುಗರು ನೂರಕ್ಕೆ ಸುಮಾರು 13. ನಿಮ್ಮ ಹುಡುಗ ಆ ಗುಂಪಿನಲ್ಲಿದ್ದಾನೆ.

ನಿಲ್ಲಿ, ಇನ್ನೂ ಖುಷಿಪಡಬೇಡಿ. ಆ ಒಪ್ಪಿಗೆಯ ಮೇಲೆ ದೊಡ್ಡ ಜಗಳವೇ ನಡೆಯಿತು. ಹುಡುಗರ ಸ್ನಾಯುವಿನಲ್ಲಿ ಬಂದ ಡಿಸ್ಟ್ರೋಫಿನ್ ಸಹಜ ಮಟ್ಟದ ನೂರಕ್ಕೆ ಒಂದು ಪಾಲೂ ಇರಲಿಲ್ಲ. ಬೆಲೆ ವರ್ಷಕ್ಕೆ ಕೋಟಿ ಲೆಕ್ಕ. ಇಲಿಯ ಸ್ನಾಯುವಿಗೆ ಔಷಧಿ ಹೊಗುವಷ್ಟು ಸುಲಭವಾಗಿ ಹುಡುಗನ ಸ್ನಾಯುವಿಗೆ ಹೊಗುವುದಿಲ್ಲ. ಈಗ ಅದನ್ನೇ ಸರಿಮಾಡಲು ನೋಡುತ್ತಿದ್ದಾರೆ.

ಇನ್ನೊಂದು ದಾರಿ, ಒಳ್ಳೆಯ ಜೀನನ್ನೇ ವೈರಸ್ಸಿನಲ್ಲಿಟ್ಟು ಕಳಿಸುವುದು. ಡಿಸ್ಟ್ರೋಫಿನ್ ಸಂದೇಶ 14,000 ಅಕ್ಷರ, ವೈರಸ್ಸಿನ ಚೀಲಕ್ಕೆ ಹಿಡಿಸುವುದು 5,000ಕ್ಕೂ ಕಮ್ಮಿ. ಅದಕ್ಕೇ ಮುಖ್ಯ ಭಾಗ ಮಾತ್ರ ಕತ್ತರಿಸಿ ಸೇರಿಸುತ್ತಾರೆ. ಕೆಜಿಗೆ ನೂರು ಲಕ್ಷ ಕೋಟಿಗೂ ಜಾಸ್ತಿ ವೈರಸ್ ಕಣ ಬೇಕು. 25 ಗ್ರಾಂ ಇಲಿಗೆ ಅದು ಒಂದು ಹನಿ. 20 ಕೆಜಿ ಮಗುವಿಗೆ ಅದೇ ಲೆಕ್ಕ ಹಾಕಿ. ಲಿವರ್ ಮೇಲೆ ಎಷ್ಟು ಭಾರ ಬೀಳುತ್ತದೆ ಯೋಚಿಸಿ.

ಕೊನೆಗೆ ಅನುಮಾನಪ್ಪನವರ ಪರವಾಗಿ ಒಂದು ಮಾತು. ಇವತ್ತು ಈ ಮಕ್ಕಳನ್ನು ಹೆಚ್ಚು ದಿನ ನಡೆಸುತ್ತಿರುವುದು ಹಳೆಯ ಸ್ಟೀರಾಯ್ಡ್. ಅದರ ಗುಣ ತಿಳಿದದ್ದು ಮಕ್ಕಳ ಮೇಲಿನ ಪರೀಕ್ಷೆಯಿಂದಲೇ. ಯಾರೋ ಏನೋ ಹೇಳಿದರು ಅಂತ ಅದನ್ನು ಒಮ್ಮೆಲೇ ನಿಲ್ಲಿಸಬೇಡಿ, ಅಪಾಯ. ನಿಮ್ಮ ಅಕ್ಕನಿಗೆ, ಅಕ್ಕತಂಗಿಯರು ಬೇರೆ ಇದ್ದರೆ ಅವರಿಗೂ, ಜೀನ್ ಪರೀಕ್ಷೆ ಬಗ್ಗೆ ಕೇಳಿ. ಮೂರರಲ್ಲಿ ಸುಮಾರು ಎರಡು ಮನೆಗಳಲ್ಲಿ ತಾಯಿಯ ಎಕ್ಸ್‌ನಲ್ಲಿ ಅದು ಇರುತ್ತದೆ. ಉಳಿದ ಕಡೆ ಮಗುವಿನಲ್ಲೇ ಹೊಸದಾಗಿ ಆದದ್ದು.

ಹೈಸ್ಕೂಲ್_ಮೇಷ್ಟ್ರು · ಮಂಗಳವಾರ, ಬೆಳಿಗ್ಗೆ 6:05

ಡಾಕ್ಟ್ರೇ, ರವಿಯ ಮಗನನ್ನು ನಾಳೆಯೇ ಬೋರ್ಡಿನ ಮೇಲೆ ನಡೆಸುತ್ತೇನೆ.

ಗೆರೆಮೀನು · ಮಂಗಳವಾರ, ಬೆಳಿಗ್ಗೆ 11:40

ಜರ್ಮನಿಯಿಂದ ಬರೆಯುತ್ತಿದ್ದೇನೆ, ಊರು ತೀರ್ಥಹಳ್ಳಿ ಹತ್ತಿರ. ಕೆಲಸ ಜೀಬ್ರಾ ಮೀನಿನ ಮೇಲೆ. ಪಶುವೈದ್ಯರು ನಾಯಿಯ ಕಥೆ ಹೇಳುತ್ತಾರೆ ಅಂತ ಕಾದೆ, ಹೇಳಲಿಲ್ಲ. ನಾನೇ ಹೇಳುತ್ತೇನೆ.

ಮೊದಲು ಮೀನು. ಇದು ನಮ್ಮ ಕಡೆಯದೇ. ಗದ್ದೆ ಬದುವಿನ ಕಾಲುವೆಯಲ್ಲಿ ನೀಲಿ ಗೆರೆಯ ಚೋಟುದ್ದದ ಮೀನು ಓಡಾಡುತ್ತವಲ್ಲ, ಆ ಬಳಗ. 1822ರಲ್ಲಿ ಇದಕ್ಕೆ ವಿಜ್ಞಾನದ ಹೆಸರಿಟ್ಟವರು ಫ್ರಾನ್ಸಿಸ್ ಹ್ಯಾಮಿಲ್ಟನ್. ಅವರ ಮೊದಲಿನ ಹೆಸರು ಬುಕಾನನ್. ಟಿಪ್ಪು ತೀರಿಕೊಂಡ ಮರುವರ್ಷ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬರೆದರಲ್ಲ, ಅವರೇ. ಗದ್ದೆಯ ಮೀನನ್ನು ಲ್ಯಾಬಿನ ಪ್ರಾಣಿ ಮಾಡಿದವರು ಅಮೆರಿಕದ ಒರೆಗಾನ್‌ನ ಜಾರ್ಜ್ ಸ್ಟ್ರೈಸಿಂಗರ್, 1981ರ ಹೊತ್ತಿಗೆ.

ಇದರ ಮೊಟ್ಟೆ ತಾಯಿಯ ಹೊಟ್ಟೆಯ ಹೊರಗೆ ಬೆಳೆಯುತ್ತದೆ, ಮರಿ ಗಾಜಿನ ಹಾಗೆ ಪಾರದರ್ಶಕ. ಇಲಿಯ ಮರಿ ಒಳಗೆ ಹೇಗೆ ಬೆಳೆಯುತ್ತದೆ ನೋಡಲು ತಾಯಿಯನ್ನು ಕೊಯ್ಯಬೇಕು. ಇಲ್ಲಿ ಹಾಗಿಲ್ಲ. ಸಾಯಂಕಾಲ ಗಂಡುಹೆಣ್ಣಿನ ನಡುವೆ ಅಡ್ಡತಟ್ಟೆ ಹಾಕಿ, ಬೆಳಿಗ್ಗೆ ದೀಪ ಹಾಕಿದ ಕೂಡಲೇ ತೆಗೆಯುತ್ತೇನೆ. ಕಾಫಿ ಕುಡಿದು ಬರುವಷ್ಟರಲ್ಲಿ ಮೊಟ್ಟೆ. ಮರುದಿನ ಅದೇ ಹೊತ್ತಿಗೆ ಮೈಕ್ರೋಸ್ಕೋಪಿನಲ್ಲಿ ಹೃದಯ ಮಿಡಿಯುವುದು ಕಾಣುತ್ತದೆ.

ಸಪ್ಯೆ ಅಂತ ಒಂದು ತಳಿಯ ಮೀನಿಗೆ ಡಿಸ್ಟ್ರೋಫಿನ್ ಇಲ್ಲ. ನಾಲ್ಕೈದು ದಿನದ ಮರಿಯನ್ನು ಎರಡು ಪೋಲರಾಯ್ಡ್ ಗಾಜಿನ ನಡುವೆ ಇಟ್ಟು ನೋಡುತ್ತೇವೆ. ಎಲ್ಲ ಕಪ್ಪು, ಸ್ನಾಯು ಮಾತ್ರ ಬೆಳ್ಳಗೆ ಹೊಳೆಯುತ್ತದೆ, ಹೊಸ ರೇಷ್ಮೆ ಜರಿ ಹಾಗೆ. ಸಪ್ಯೆ ಮರಿಯಲ್ಲಿ ಆ ಜರಿ ಅಲ್ಲಲ್ಲಿ ಹರಿದು ಕಪ್ಪು ತೂತು ಬಿದ್ದಿರುತ್ತದೆ. ಔಷಧಿಯನ್ನು ನೀರಿಗೇ ಹಾಕಬಹುದು. ತೂತು ಮುಚ್ಚಿದರೆ ಕಣ್ಣಿಗೇ ಕಾಣುತ್ತದೆ.

ಈಗ ನಾಯಿ. ಗೋಲ್ಡನ್ ರಿಟ್ರೀವರ್ ತಳಿಯಲ್ಲೂ ಡುಶೆನ್ ಬರುತ್ತದೆ, ಇಲಿಯ ಹಾಗೆ ಸೌಮ್ಯ ಅಲ್ಲ, ಜೋರು. ಹೆಚ್ಚಿನವು ಎರಡು ವರ್ಷ ದಾಟುವುದು ಕಷ್ಟ. ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಮಯಾನಾ ಜಾಟ್ಸ್ ಅವರ ತಂಡದ ಬಳಿ ರಿಂಗೊ ಅಂತ ಒಂದು ನಾಯಿ ಇತ್ತು. ಪರೀಕ್ಷೆ ಮಾಡಿದರೆ ಡಿಸ್ಟ್ರೋಫಿನ್ ಸೊನ್ನೆ. ನಾಯಿ ನೋಡಿದರೆ ಓಡುತ್ತಿತ್ತು, ಮರಿ ಹುಟ್ಟಿಸಿತು, ಸುಮಾರು 11 ವರ್ಷ ಬದುಕಿತು. ಅದರ ವಂಶದ ಸುಫ್ಲೇರ್ ಅಂತ ಇನ್ನೊಂದೂ ಹಾಗೆಯೇ.

ಡಿಸ್ಟ್ರೋಫಿನ್ ಇಲ್ಲದೆ ಈ ಎರಡು ನಾಯಿ ಹೇಗೆ ಓಡಿದವು? ಕಾಯಿಲೆ ಬಿದ್ದ ನಾಯಿಗಳ ಡಿಎನ್‌ಎ ಪಕ್ಕದಲ್ಲಿ ಇವುಗಳದ್ದನ್ನು ಇಟ್ಟು ನೋಡಿದಾಗ ಜಾಗ್ಡ್-1 ಅಂತ ಒಂದು ಜೀನ್ ಇವುಗಳಲ್ಲಿ ಜಾಸ್ತಿ ಕೆಲಸ ಮಾಡುತ್ತಿರುವುದು ಕಂಡಿತು. ಅದೇ ಕಾರಣ ಅಂತ ಹೇಗೆ ಖಚಿತ ಮಾಡುವುದು? ಸಪ್ಯೆ ಮೀನಿನ ಮೊಟ್ಟೆಗೆ ಜಾಗ್ಡ್-1 ಹೆಚ್ಚಿಗೆ ಕೊಟ್ಟರು. ಬಹಳ ಮರಿಗಳಲ್ಲಿ ಜರಿ ಹರಿಯಲಿಲ್ಲ. 2015ರಲ್ಲಿ ಪ್ರಕಟವಾಯಿತು.

ಇದು ಔಷಧಿ ಆಗಿಲ್ಲ, ಆಗುತ್ತದೆ ಅಂತಲೂ ಹೇಳುವುದಿಲ್ಲ. ಆದರೆ ಡಿಸ್ಟ್ರೋಫಿನ್ ಇಲ್ಲದೆಯೂ ಒಂದು ದೊಡ್ಡ ಪ್ರಾಣಿ ನಡೆಯಬಲ್ಲದು ಅಂತ ಈ ನಾಯಿಗಳು ತೋರಿಸಿದವು.

ನಿವೃತ್ತ_ಪಶುವೈದ್ಯ · ಮಂಗಳವಾರ, ಮಧ್ಯಾಹ್ನ 1:15

ನಾಯಿಯ ಕಥೆ ಬೇಕೆಂದೇ ಬಿಟ್ಟಿದ್ದೆ. ಇಲಿಗಾದರೆ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತೇನೆ. ಕಾಲು ಎಳೆಯುವ ನಾಯಿಮರಿ ನೋಡಲು ಆಗುವುದಿಲ್ಲ. ನಮ್ಮಲ್ಲಿ ಪ್ರಾಣಿ ಪ್ರಯೋಗಕ್ಕೆ ಸಮಿತಿ ಇದೆ, ನಿಯಮ ಇದೆ, ಯಾಕೆ ಬೇಕು, ಎಷ್ಟು ಬೇಕು ಅಂತ ಬರೆದುಕೊಡಬೇಕು. ಅಂಥ ಸಮಿತಿಯೊಂದರಲ್ಲಿ ನಾನೂ ಕೂತಿದ್ದೆ. ‘ನೂರು ಇಲಿ’ ಅಂತ ಬರೆದ ಅರ್ಜಿಗೆ ‘ಮೂವತ್ತರಲ್ಲಿ ಯಾಕೆ ಆಗುವುದಿಲ್ಲ’ ಅಂತ ಕೇಳಿ ವಾಪಸ್ ಕಳಿಸಿದ್ದು ಬಹಳ ಸಲ. ಮೀನಿನಲ್ಲಿ ಮೊದಲು ಸೋಸಿಕೊಂಡು ಬಂದರೆ ನಾಯಿ ಉಳಿಯುತ್ತದೆ.

ಅನುಮಾನಪ್ಪ · ಮಂಗಳವಾರ, ಸಂಜೆ 5:20

ರಿಂಗೊ ಕಥೆ ನನಗೆ ಗೊತ್ತಿರಲಿಲ್ಲ. ಒಂದು ಅನುಮಾನ ಮಾತ್ರ ಉಳಿದಿದೆ. ನಾಯಿಗೆ ನಾಯಿಗೆ ಇಷ್ಟು ವ್ಯತ್ಯಾಸ ಇದ್ದರೆ, ಒಂದು ತಳಿ ಇಲಿ ನೋಡಿ ಏನು ಹೇಳಲು ಆಗುತ್ತದೆ?

ಮಕ್ಕಳ_ಡಾಕ್ಟ್ರು · ಮಂಗಳವಾರ, ರಾತ್ರಿ 9:10

ಆ ವ್ಯತ್ಯಾಸದಿಂದಲೇ ಒಂದು ಉಪಕಾರ ಆಯಿತು. ಸ್ನಾಯು ರೋಗದ ಒಂದೇ ತಪ್ಪನ್ನು ಬೇರೆ ಬೇರೆ ತಳಿ ಇಲಿಗಳಿಗೆ ಹಾಕಿದಾಗ, ಕೆಲವಕ್ಕೆ ಸೌಮ್ಯ, ಕೆಲವಕ್ಕೆ ಜೋರು. ಯಾಕೆ ಅಂತ ಹುಡುಕಿದಾಗ 2009ರಲ್ಲಿ ಎಲ್‌ಟಿಬಿಪಿ4 ಅಂತ ಒಂದು ಜೀನ್ ಸಿಕ್ಕಿತು. ನಾಲ್ಕು ವರ್ಷ ಬಿಟ್ಟು ಡುಶೆನ್ ಹುಡುಗರಲ್ಲಿ ಅದೇ ಜೀನ್ ನೋಡಿದರು. ಅದರ ಒಂದು ರೂಪ ಇರುವವರು ಉಳಿದವರಿಗಿಂತ ಹೆಚ್ಚು ವರ್ಷ ನಡೆಯುತ್ತಾರೆ. ಇಲಿ ತೋರಿಸದಿದ್ದರೆ ಸಾವಿರಾರು ಜೀನ್‌ಗಳ ನಡುವೆ ಎಲ್ಲಿ ಅಂತ ಹುಡುಕುವುದು?

ಶಿಡ್ಲಘಟ್ಟದ_ಹುಳುಮನೆ · ಮಂಗಳವಾರ, ರಾತ್ರಿ 9:45

ಇದನ್ನು ನಾನು ನಂಬುತ್ತೇನೆ. ಒಂದೇ ರೋಗ, ಪಕ್ಕಪಕ್ಕದ ತಟ್ಟೆ. ಬೈವೋಲ್ಟೀನ್ ಎರಡೇ ದಿನಕ್ಕೆ ಮಲಗುತ್ತದೆ, ನಮ್ಮ ಮೈಸೂರು ತಳಿ ಏನೂ ಆಗಿಲ್ಲ ಅನ್ನುವ ಹಾಗೆ ಸೊಪ್ಪು ಕಡಿಯುತ್ತಿರುತ್ತದೆ.

ಸೋದರಮಾವ · ಬುಧವಾರ, ರಾತ್ರಿ 8:30

ನಿನ್ನೆ ಅಕ್ಕನ ಮನೆಗೆ ಹೋಗಿ ಇದೆಲ್ಲ ಓದಿ ಹೇಳಿದೆ. ಎಜುಟ್ರೋಮಿಡ್ ಸುದ್ದಿಯ ತುಣುಕು ಯಾರೋ ಹಳೆಯದನ್ನೇ ಫಾರ್ವರ್ಡ್ ಮಾಡಿದ್ದು ಅವಳ ಫೋಲ್ಡರಿನಲ್ಲಿ ನಿಜವಾಗಿಯೂ ಇತ್ತು. ಹದಿನಾಲ್ಕನ್ನೂ ಕೂತು ನೋಡಿದೆವು. ಹನ್ನೊಂದು ಇಲಿ, ಒಂದು ಮೀನು, ಒಂದು ನೊಣ. ಹುಡುಗರ ಮೇಲೆ ನಡೆದದ್ದು ಒಂದೇ. ಫೋಲ್ಡರ್ ಡಿಲೀಟ್ ಮಾಡಲಿಲ್ಲ. ಇಲಿಯದು ಬೇರೆ, ಹುಡುಗರದು ಬೇರೆ ಅಂತ ಎರಡು ಮಾಡಿದಳು. ನಮ್ಮ ತಂಗಿಯ ಪರೀಕ್ಷೆ ವಿಷಯವನ್ನೂ ಎತ್ತಿದೆ. ಅದು ಸುಲಭದ ಮಾತಾಗಿರಲಿಲ್ಲ.

ಪಕ್ಕದಲ್ಲಿ ಕೂತು ಕೇಳುತ್ತಿದ್ದ ನಮ್ಮ ಹುಡುಗನಿಗೆ ಇದ್ಯಾವುದೂ ಬೇಕಾಗಿರಲಿಲ್ಲ. ‘ಮಾಮ, ಬಿಳಿ ಕಣ್ಣಿನ ನೊಣಕ್ಕೆ ಕಣ್ಣು ಕಾಣುತ್ತಾ?’ ಅಂತ ಕೇಳುತ್ತಿದ್ದಾನೆ. ನನಗೆ ಗೊತ್ತಿಲ್ಲ ಅಂದೆ. ಬಿಡುತ್ತಿಲ್ಲ.

ನೊಣದ_ಬಾಟಲಿ · ಬುಧವಾರ, ರಾತ್ರಿ 9:00

ಒಳ್ಳೆಯ ಪ್ರಶ್ನೆ ಕೇಳಿದ್ದಾನೆ! ಬೆಳಕು, ಕತ್ತಲು ಗೊತ್ತಾಗುತ್ತದೆ. ಆಕಾರ ಸರಿಯಾಗಿ ಕಾಣುವುದಿಲ್ಲ. ನೊಣದ ಕಣ್ಣಿನಲ್ಲಿ ನೂರಾರು ಸಣ್ಣ ಕಣ್ಣು ಇರುತ್ತವೆ. ಒಂದರ ಬೆಳಕು ಪಕ್ಕದ್ದಕ್ಕೆ ಸೋರದ ಹಾಗೆ ಕೆಂಪು ಬಣ್ಣ ಪರದೆ ಕಟ್ಟಿರುತ್ತದೆ. ಬಣ್ಣ ಇಲ್ಲದಿದ್ದರೆ ಎಲ್ಲ ಬೆರೆತುಹೋಗುತ್ತದೆ.

ಶನಿವಾರ ಕರೆದುಕೊಂಡು ಬನ್ನಿ, ನಾನೇ ತೋರಿಸುತ್ತೇನೆ. ನಮ್ಮ ಮೇಡಂ ಒಪ್ಪಿದ್ದಾರೆ. ಲಿಫ್ಟ್ ಇದೆ, ಮೆಟ್ಟಿಲು ಹತ್ತುವುದು ಬೇಡ. ಮೈಕ್ರೋಸ್ಕೋಪ್ ಹತ್ತಿರ ಎತ್ತರದ ಸ್ಟೂಲ್ ಇರುತ್ತದೆ, ಅವನಿಗೆ ಬೆನ್ನಿರುವ ಕುರ್ಚಿ ತಂದಿಡುತ್ತೇನೆ.

ಸೋದರಮಾವ · ಬುಧವಾರ, ರಾತ್ರಿ 9:12

ಬರುತ್ತೇವೆ ತಂಗಿ. ನೊಣಕ್ಕೆ ಬಾಳೆಹಣ್ಣು ತರಬೇಕಾ ಅಂತ ಕೇಳುತ್ತಿದ್ದಾನೆ.

ನೊಣದ_ಬಾಟಲಿ · ಬುಧವಾರ, ರಾತ್ರಿ 9:14

ಅಯ್ಯೋ ಬೇಡ! ಅದರ ಜೊತೆ ಹೊರಗಿನ ನೊಣ, ನುಸಿ ಒಳಗೆ ಬಂದರೆ ಮೇಡಂ ನನ್ನನ್ನು ಹೊರಗೆ ಹಾಕುತ್ತಾರೆ. ಅವನು ತಿಂದು ಬರಲಿ.